ಹಿಮ ನೋಡಲು ಹಿರಿಯರು ಬೇಡವೇ? ನಮ್ಮ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಚರ್ಚೆ

1992ರಲ್ಲಿ ಒಂದೇ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದವರ ಗುಂಪು ನಮ್ಮದು. ನಮಗೆ ಭೂಗೋಳ ಕಲಿಸಿದ ಮೇಷ್ಟ್ರೂ ಈ ಗುಂಪಿನಲ್ಲಿದ್ದಾರೆ. ನವೆಂಬರ್ ಮೊದಲ ವಾರದಲ್ಲಿ ಗೆಳೆಯನೊಬ್ಬ ಮನಾಲಿ ಪ್ರವಾಸದ ಜಾಹೀರಾತೊಂದನ್ನು ಹಂಚಿದ ಮೇಲೆ ಎರಡು ದಿನ ನಡೆದ ಮಾತುಗಳನ್ನು, ಎಲ್ಲರ ಒಪ್ಪಿಗೆ ಪಡೆದು ಇಲ್ಲಿ ಕೊಡುತ್ತಿದ್ದೇನೆ. ಹೆಸರುಗಳ ಜಾಗದಲ್ಲಿ ಊರನ್ನೋ ಉದ್ಯೋಗವನ್ನೋ ಹಾಕಿದ್ದೇನೆ.

ಬ್ಯಾಂಕಿನ ಗೆಳೆಯ, ರಾತ್ರಿ 8.10
ಮೇಲಿನ ಜಾಹೀರಾತಿನ ಚಿತ್ರವನ್ನು ಎಲ್ಲರೂ ಒಮ್ಮೆ ದೊಡ್ಡದು ಮಾಡಿ ನೋಡಿ. ಡಿಸೆಂಬರ್ 23ರಿಂದ 28ರವರೆಗೆ ಐದು ರಾತ್ರಿ, ಆರು ಹಗಲು. ಚಂಡೀಗಢದಿಂದ ಬಸ್ಸು, ಮನಾಲಿಯಲ್ಲಿ ಮೂರು ರಾತ್ರಿ, ಸೋಲಂಗ್, ರೋಹ್ತಾಂಗ್ ಪಾಸ್, ಅಟಲ್ ಸುರಂಗದ ಆಚೆಯ ಸಿಸ್ಸು, ಹಿಂದಿರುಗುವಾಗ ಶಿಮ್ಲಾ. ಕೆಳಗೆ ದಪ್ಪ ಅಕ್ಷರದಲ್ಲಿ ‘ಹಿಮಕ್ಕೆ ಖಾತರಿ’ ಎಂದು ಬರೆದಿದ್ದಾರೆ. ನಮ್ಮ ಹನ್ನೊಂದು ಮನೆಗಳಿಂದ ಒಟ್ಟು ಮೂವತ್ತನಾಲ್ಕು ಜನರಾಗುತ್ತೇವೆ. ಮಕ್ಕಳಿಗೂ ನಮಗೂ ಒಟ್ಟಿಗೆ ರಜೆ ಸಿಗುವುದು ಕ್ರಿಸ್‌ಮಸ್ ಸಮಯದಲ್ಲಿ ಮಾತ್ರ. ತಲೆಗೆ ಐದು ಸಾವಿರದಂತೆ ಮುಂಗಡವನ್ನು ಇಂದು ರಾತ್ರಿಯೇ ಕಳಿಸಿದರೆ ಕೊಠಡಿಗಳು ಕೈತಪ್ಪುವುದಿಲ್ಲ.

ದಾವಣಗೆರೆಯ ಡಾಕ್ಟರ್, 8.26
ನಾನು ಬರುತ್ತೇನೆ, ಆದರೆ ಒಂದು ಮಾತನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಎಪ್ಪತ್ತು ದಾಟಿದವರನ್ನು ಈ ಪ್ರವಾಸಕ್ಕೆ ಕರೆತರುವುದು ಬೇಡ. ನನ್ನ ತಂದೆಯವರ ಹೃದಯಕ್ಕೆ ಎರಡು ಸ್ಟೆಂಟ್ ಹಾಕಿದೆ. ಕಡು ಚಳಿಗೆ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುತ್ತದೆ. ಅದರ ಮೇಲೆ ರೋಹ್ತಾಂಗ್ 3,978 ಮೀಟರ್ ಎತ್ತರದಲ್ಲಿದೆ, ಅಲ್ಲಿ ಪ್ರತಿ ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ಆರು ದಿನದಲ್ಲಿ ನಾಲ್ಕು ದಿನ ಬಸ್ಸಿನಲ್ಲಿ ಕೂರುವ ಇಂಥ ತಿರುಗಾಟವನ್ನು ಅವರ ಮೈ ತಡೆಯುವುದಿಲ್ಲ.

ಶಿರಸಿಯ ಗೆಳತಿ, 8.41
ಡಾಕ್ಟ್ರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಮನೆಯ ಹಿರಿಯರನ್ನು ಬಿಟ್ಟು ಹೋಗುವ ಪ್ರವಾಸವನ್ನು ಕುಟುಂಬದ ಪ್ರವಾಸ ಎಂದು ಕರೆಯಲು ನನಗೆ ಮನಸ್ಸಿಲ್ಲ. ನನ್ನ ಅತ್ತೆಯವರು ಹೋದ ವರ್ಷದಿಂದ ಟಿವಿಯಲ್ಲಿ ಹಿಮ ಬೀಳುವುದನ್ನು ತೋರಿಸಿದಾಗಲೆಲ್ಲ ಕೈಯಲ್ಲಿರುವ ಕೆಲಸ ನಿಲ್ಲಿಸಿ ನೋಡುತ್ತಾರೆ. ನಾವು ಆರು ದಿನ ಊರಲ್ಲಿಲ್ಲದಿದ್ದರೆ ತೋಟದ ಮನೆಯಲ್ಲಿ ಅವರೊಬ್ಬರನ್ನೇ ಯಾರ ಭರವಸೆಯ ಮೇಲೆ ಬಿಡಲಿ?

ಗದಗಿನ ಸುಬೇದಾರ್, 9.05
ಈ ಚಿತ್ರದ ಬಗ್ಗೆಯೇ ನನ್ನ ತಕರಾರಿದೆ. ಹಿಂದೆ ಕಾಣುತ್ತಿರುವ ತೂಗುತೊಟ್ಟಿಲು ಮನಾಲಿಯದಲ್ಲ, ಕಾಶ್ಮೀರದ ಗುಲ್ಮಾರ್ಗ್‌ನ ಗೊಂಡೋಲಾ, ಅಂದರೆ ಕೇಬಲ್ ಕಾರು. ಅಲ್ಲಿಯೂ ರೋಹ್ತಾಂಗ್ ಆಚೆಯ ಲಾಹೌಲ್ ಕಣಿವೆಯ ಕಡೆಯೂ ಕೆಲಸ ಮಾಡಿರುವುದರಿಂದ ಗುರುತು ಹಿಡಿಯುವುದು ನನಗೆ ಕಷ್ಟವಾಗಲಿಲ್ಲ. ಎರಡನೆಯದಾಗಿ, ಹಿಮ ಜೋರಾಗಿ ಬಿದ್ದರೆ ರೋಹ್ತಾಂಗ್ ದಾರಿ ಮುಚ್ಚುತ್ತದೆ, ದಾರಿ ತೆರೆದಿದೆ ಎಂದರೆ ಆ ವರ್ಷ ಹಿಮ ಇನ್ನೂ ಸರಿಯಾಗಿ ಬಿದ್ದಿಲ್ಲ ಎಂದರ್ಥ. ಒಂದೇ ಹಾಳೆಯಲ್ಲಿ ಎರಡಕ್ಕೂ ಮಾತು ಕೊಟ್ಟವರನ್ನು ನಂಬಿ ಮುಂಗಡ ಕಳಿಸಬೇಡಿ. 2020ರ ಅಕ್ಟೋಬರ್‌ನಲ್ಲಿ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ಚಳಿಗಾಲದಲ್ಲೂ ಲಾಹೌಲ್‌ಗೆ ಹೋಗಬಹುದಾಗಿದೆ, ಅದು ನಿಜ. ಆದರೆ ಸುರಂಗದ ಎರಡೂ ಬಾಯಿಗಳು ಮೂರು ಸಾವಿರ ಮೀಟರಿಗಿಂತ ಎತ್ತರದಲ್ಲಿವೆ. ಒಳಗೆ ರಸ್ತೆ ಒಣಗಿರುತ್ತದೆ, ಹೊರಗೆ ಬಂದ ಮೊದಲ ತಿರುವಿನಲ್ಲೇ ಗಾಜಿನಂತೆ ಹೆಪ್ಪುಗಟ್ಟಿರುತ್ತದೆ.

ಬ್ಯಾಂಕಿನ ಗೆಳೆಯ, 9.17
ಹದಿನೈದು ದಿನಗಳಿಂದ ಕಚೇರಿ ಮುಗಿದ ಮೇಲೆ ಕೂತು ಹತ್ತಾರು ಕಡೆ ವಿಚಾರಿಸಿ, ಎಲ್ಲರ ಕೈಗೆಟುಕುವ ದರದಲ್ಲಿ ಇದೊಂದನ್ನು ಹುಡುಕಿದ್ದೇನೆ. ತಪ್ಪು ಹುಡುಕುವುದು ಸುಲಭ. ಪ್ರತಿವರ್ಷ ನಾವು ಹೀಗೆಯೇ ಮಾತಾಡಿ ಮಾತಾಡಿ ಕೊನೆಗೆ ಎಲ್ಲಿಗೂ ಹೋಗದೆ ಉಳಿಯುತ್ತೇವೆ. ಕಳೆದ ಡಿಸೆಂಬರ್‌ನಲ್ಲಿ ನನ್ನ ಸಹೋದ್ಯೋಗಿ ಸಿಸ್ಸುವಿಗೆ ಹೋಗಿ ಹಿಮದಲ್ಲಿ ಆಡಿ ಸುಖವಾಗಿ ಬಂದಿದ್ದಾನೆ, ಅದರ ವಿಡಿಯೊವನ್ನೂ ಕಳಿಸುತ್ತೇನೆ.

ನಾನು, 9.48
ನಿನ್ನ ಶ್ರಮವನ್ನು ಯಾರೂ ಹಗುರ ಮಾಡುತ್ತಿಲ್ಲ. ಆದರೆ ನಿನ್ನ ಸಹೋದ್ಯೋಗಿ ಹೋದ ಅದೇ ದಾರಿಯಲ್ಲಿ, ಅದೇ ಡಿಸೆಂಬರ್ ಕೊನೆಯ ವಾರದಲ್ಲಿ, ಮೂರು ವರ್ಷದ ಹಿಂದೆ ನಾನು ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಇಲ್ಲಿಯವರೆಗೆ ಅದನ್ನು ಗುಂಪಿನಲ್ಲಿ ಪೂರ್ತಿ ಹೇಳಿರಲಿಲ್ಲ.

ಸಿಸ್ಸುವಿನಿಂದ ಹಿಂದಿರುಗುವಾಗ ಮಧ್ಯಾಹ್ನ ಮೂರೂವರೆಗೆ ಹಿಮ ಬೀಳತೊಡಗಿತು. ಸುರಂಗ ದಾಟಿ ಸೋಲಂಗ್ ಕಡೆಗೆ ಇಳಿಯುವಷ್ಟರಲ್ಲಿ ಮುಂದೆ ನಿಂತಿದ್ದ ವಾಹನಗಳ ಸಾಲಿಗೆ ಕೊನೆಯೇ ಕಾಣುತ್ತಿರಲಿಲ್ಲ. ಏಳು ಗಂಟೆಗಳ ಕಾಲ ನಾವು ಹೆಚ್ಚೆಂದರೆ ಎರಡು ಕಿಲೋಮೀಟರ್ ಸರಿದಿರಬಹುದು. ಅಮ್ಮನಿಗೆ ಸಕ್ಕರೆ ಕಾಯಿಲೆ, ಮೂತ್ರ ತಡೆದುಕೊಳ್ಳಲು ಆಗುವುದಿಲ್ಲ. ಕತ್ತಲಲ್ಲಿ, ಮೊಣಕಾಲುದ್ದದ ಹಿಮದ ಪಕ್ಕದಲ್ಲಿ, ಹಿಂದಿನ ಕಾರುಗಳ ದೀಪ ನೇರ ನಮ್ಮ ಮೇಲೆ ಬೀಳುತ್ತಿದ್ದಾಗ ನಾನೂ ತಂಗಿಯೂ ಶಾಲಿನ ಎರಡು ತುದಿ ಹಿಡಿದು ಅಮ್ಮನಿಗೆ ಮರೆಯಾಗಿ ನಿಂತೆವು. ಆಮೇಲೆ ಕೊಠಡಿ ಸೇರುವವರೆಗೆ ಅವರು ಒಂದು ಮಾತೂ ಆಡಲಿಲ್ಲ. ರಾತ್ರಿ ಹನ್ನೊಂದಕ್ಕೆ ನೋಡಿದರೆ, ಡಿಕ್ಕಿಯಲ್ಲಿಟ್ಟಿದ್ದ ಚೀಲದಲ್ಲಿ ಇನ್ಸುಲಿನ್ ಗಡ್ಡೆಕಟ್ಟಿತ್ತು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಉಪಯೋಗಕ್ಕೆ ಬಾರದು ಎಂಬುದು ನನಗೆ ಅಂದು ತಿಳಿಯಿತು. ಔಷಧಿ ಅಂಗಡಿ ತೆರೆದದ್ದು ಮರುದಿನ ಬೆಳಿಗ್ಗೆ ಹತ್ತಕ್ಕೆ.

ಆ ಹತ್ತು ಗಂಟೆಯೊಳಗೆ ನಡೆದ ಇನ್ನೊಂದನ್ನೂ ಹೇಳಬೇಕು. ಬೆಳಿಗ್ಗೆ ಏಳರ ಹೊತ್ತಿಗೆ ಎದ್ದು ಕಿಟಕಿಯ ಪರದೆ ಸರಿಸಿದರೆ ಎದುರಿನ ಸೇಬಿನ ಗಿಡಗಳ ಬೋಳು ರೆಂಬೆಗಳ ಮೇಲೆ ಹಿಮ ಸದ್ದಿಲ್ಲದೆ ಕೂರುತ್ತಿತ್ತು. ಅಮ್ಮ ಕಿಟಕಿ ಅರ್ಧ ತೆರೆದು ಕೈ ಚಾಚಿದರು. ಅಂಗೈ ಮೇಲೆ ಬಿದ್ದದ್ದು ಬಳೆಯ ಹತ್ತಿರ ಜಾರಿ ನೀರಾಗುವುದನ್ನು ನೋಡಿ ಮತ್ತೆ ಮತ್ತೆ ಕೈ ಚಾಚಿದರು. ಹೋಟೆಲಿನ ಹುಡುಗ ತಂದುಕೊಟ್ಟ ಬಿಸಿ ಸಿಡ್ಡುವನ್ನು (ಆವಿಯಲ್ಲಿ ಬೇಯಿಸಿದ ಅಲ್ಲಿಯ ಗೋಧಿ ತಿನಿಸು) ತುಪ್ಪದಲ್ಲಿ ಅದ್ದಿಕೊಂಡು, ಅದೇ ಕಿಟಕಿಯ ಬಳಿ ಎರಡು ಗಂಟೆ ಕೂತರು. ಇಂದಿಗೂ ಯಾರಾದರೂ ಕೇಳಿದರೆ ಅಮ್ಮ ಆ ಬೆಳಗಿನ ಬಗ್ಗೆ ಮಾತ್ರ ಹೇಳುತ್ತಾರೆ, ಸಿಸ್ಸುವಿನ ಹೆಸರೆತ್ತುವುದಿಲ್ಲ.

ಆದ್ದರಿಂದ ಡಾಕ್ಟ್ರೇ, ನನ್ನ ಅಮ್ಮನಿಗೆ ತೊಂದರೆ ಕೊಟ್ಟದ್ದು ಅವರ ವಯಸ್ಸಲ್ಲ, ನಾನು ಆರಿಸಿದ ವಾರ ಮತ್ತು ಒಂದೇ ದಿನದಲ್ಲಿ ಮೂರು ಜಾಗ ನೋಡಬೇಕೆಂಬ ನನ್ನ ಹಟ. ಹಿರಿಯರನ್ನು ಬಿಡುವ ಬದಲು ಆ ವಾರವನ್ನೂ ಆ ಪಟ್ಟಿಯನ್ನೂ ಬಿಡೋಣ.

ಗದಗಿನ ಸುಬೇದಾರ್, 10.02
ಅಕ್ಕ ಹೇಳಿದ್ದು ಅವರೊಬ್ಬರ ಅನುಭವವಲ್ಲ. 2024ರ ಡಿಸೆಂಬರ್‌ನಲ್ಲಿಯೂ ಸೋಲಂಗ್ ಮತ್ತು ಸುರಂಗದ ನಡುವೆ ಸಾವಿರದಷ್ಟು ವಾಹನಗಳು ಸಿಲುಕಿ, ಪೊಲೀಸರು ರಾತ್ರಿಯಿಡೀ ಜನರನ್ನು ಇಳಿಸಿದರು. ಇಂಥ ಹೊತ್ತಿನಲ್ಲಿ ಚಳಿಗೆ ಹೆದರಿ ಗಾಜು ಏರಿಸಿ ಎಂಜಿನ್ ಓಡಿಸುತ್ತ ಕೂರುವುದು ಎಲ್ಲಕ್ಕಿಂತ ಅಪಾಯ. ಹೊಗೆಕೊಳವೆಗೆ ಹಿಮ ಮುಚ್ಚಿದರೆ ವಿಷದ ಅನಿಲ ಒಳಗೇ ತುಂಬುತ್ತದೆ, ವಾಸನೆಯೂ ಬರುವುದಿಲ್ಲ. ಪಾಕಿಸ್ತಾನದ ಮರ್ರಿ ಎಂಬ ಗಿರಿಧಾಮದಲ್ಲಿ 2022ರ ಜನವರಿಯಲ್ಲಿ ಹಿಮ ನೋಡಲು ಹೋದ ಇಪ್ಪತ್ತಕ್ಕೂ ಹೆಚ್ಚು ಜನ, ಮಕ್ಕಳೂ ಸೇರಿದಂತೆ, ಸಿಲುಕಿದ ಕಾರುಗಳಲ್ಲೇ ಪ್ರಾಣ ಬಿಟ್ಟರು.

ಮೇಷ್ಟ್ರು, ಮರುದಿನ ಬೆಳಿಗ್ಗೆ 6.20
ರಾತ್ರಿಯ ಮಾತುಗಳನ್ನು ಈಗ ಓದಿದೆ. ಹಿಮಕ್ಕೆ ಖಾತರಿ ಎಂಬ ಮಾತನ್ನು ನೀವು ನಂಬಬಾರದು. ನಮ್ಮ ಉತ್ತರದ ಬೆಟ್ಟಗಳಿಗೆ ಚಳಿಗಾಲದ ಹಿಮವನ್ನು ತರುವುದು ಮೆಡಿಟರೇನಿಯನ್ ಕಡೆಯಿಂದ ಪಶ್ಚಿಮದ ಗಾಳಿಯ ಜೊತೆ ಸಾಗಿಬರುವ ವಾಯುಭಾರ ಕುಸಿತಗಳು. ಎಂಟನೆಯ ತರಗತಿಯಲ್ಲಿ ನಿಮಗೆ ಹೇಳಿದ ‘ಪಶ್ಚಿಮದ ಅಡಚಣೆ’ ಎಂದರೆ ಅದೇ. ಅದು ಬಂದರೆ ಎರಡು ದಿನದಲ್ಲಿ ಊರು ಬೆಳ್ಳಗಾಗುತ್ತದೆ, ಬಾರದಿದ್ದರೆ ತಿಂಗಳಾದರೂ ಬಂಡೆ ಬಂಡೆಯಾಗಿಯೇ ಉಳಿಯುತ್ತದೆ. 2024ರ ಜನವರಿ ಮೊದಲ ಎರಡು ವಾರ ಗುಲ್ಮಾರ್ಗ್‌ನಂಥ ಗುಲ್ಮಾರ್ಗ್ ಕಂದುಬಣ್ಣದಲ್ಲಿತ್ತು. ಸುಮಾರು 2,050 ಮೀಟರ್ ಎತ್ತರದ ಮನಾಲಿ ಪಟ್ಟಣದಲ್ಲಿ ಹಿಮ ಕಾಣುವ ಸಾಧ್ಯತೆ ಡಿಸೆಂಬರ್‌ಗಿಂತ ಜನವರಿ, ಫೆಬ್ರವರಿಯಲ್ಲಿ ಹೆಚ್ಚು.

ಇನ್ನು, ಹಿರಿಯರ ವಿಷಯ ಬಂದಾಗ ನನ್ನ ಹೆಸರನ್ನು ಯಾರೂ ಎತ್ತಲಿಲ್ಲ, ಅದು ನಿಮ್ಮ ಸೌಜನ್ಯ. ನನಗೆ ಈಗ ಎಪ್ಪತ್ತೇಳು. ಮೂವತ್ತೆರಡು ವರ್ಷ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹಿಮರೇಖೆ ಬರೆದಿದ್ದೇನೆ, ಹಿಮನದಿ ಹೇಗೆ ಬಂಡೆಯನ್ನು ಉಜ್ಜುತ್ತದೆ ಎಂದು ಕೈಯಲ್ಲಿ ಅಭಿನಯಿಸಿ ತೋರಿಸಿದ್ದೇನೆ. ಮಡಿಕೇರಿಯ ಮಂಜು ಬಿಟ್ಟರೆ ಬೇರೆ ಮಂಜನ್ನು ಕಣ್ಣಾರೆ ಕಂಡವನಲ್ಲ. ನನ್ನಿಂದ ಯಾರಿಗೂ ಹೊರೆಯಾಗಬಾರದು. ಆದರೆ ಕರೆದರೆ ಬರುವ ಆಸೆಯಿದೆ ಎಂಬುದನ್ನು ಬಚ್ಚಿಡಲಾರೆ.

ದಾವಣಗೆರೆಯ ಡಾಕ್ಟರ್, 7.05
ಮೇಷ್ಟ್ರೇ, ನಿನ್ನೆ ಬರೆಯುವಾಗ ನೀವು ಓದುತ್ತಿದ್ದೀರೆಂಬುದು ನನಗೆ ಹೊಳೆಯಲಿಲ್ಲ, ಕ್ಷಮಿಸಬೇಕು. ನನ್ನ ಭಯ ಸುಳ್ಳಲ್ಲ, ಆದರೆ ಅದು ರೋಹ್ತಾಂಗ್‌ನ ಎತ್ತರಕ್ಕೂ ರಸ್ತೆಯ ದಣಿವಿಗೂ ಸಂಬಂಧಿಸಿದ್ದು. ಮನಾಲಿಯ ಎತ್ತರ ಅಷ್ಟಾಗಿ ತೊಂದರೆ ಕೊಡಲಾರದು. ಹೊರಡುವ ಮೊದಲು ಪ್ರತಿಯೊಬ್ಬ ಹಿರಿಯರೂ ತಮ್ಮ ವೈದ್ಯರಲ್ಲಿ ತೋರಿಸಿಕೊಂಡು ಒಪ್ಪಿಗೆ ಪಡೆಯಬೇಕು. ಒಂದೇ ದಿನಕ್ಕೆ ಬೆಟ್ಟ ಹತ್ತದೆ ನಡುವೆ ಮಂಡಿ ಪಟ್ಟಣದಲ್ಲಿ ಒಂದು ರಾತ್ರಿ ತಂಗಬೇಕು. ಮುಚ್ಚಿದ ಕೊಠಡಿಯಲ್ಲಿ ಇದ್ದಿಲ ಅಗ್ಗಿಷ್ಟಿಕೆಯನ್ನು ಯಾರು ತಂದುಕೊಟ್ಟರೂ ಇಡಬಾರದು, ವಿದ್ಯುತ್ ಹೀಟರ್ ಮಾತ್ರ. ಇನ್ಸುಲಿನ್ ಇರುವವರು ಅದನ್ನು ಸ್ವೆಟರಿನ ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಳ್ಳಬೇಕು. ಇಷ್ಟಕ್ಕೆ ಒಪ್ಪಿದರೆ ತಂದೆಯವರನ್ನು ಕರೆತರುವ ಬಗ್ಗೆ ಯೋಚಿಸುತ್ತೇನೆ.

ನಾನು, 7.40
ಹಾಗಾದರೆ ನನ್ನ ಸೂಚನೆ ಇದು. ಸಂಕ್ರಾಂತಿಯನ್ನು ಊರಲ್ಲೇ ಮುಗಿಸಿ ಜನವರಿ 17ರ ಸುಮಾರಿಗೆ ಹೊರಟು, ಗಣರಾಜ್ಯೋತ್ಸವದ ಹೊತ್ತಿಗೆ ಹಿಂದಿರುಗೋಣ. ಮನಾಲಿಯಲ್ಲಿ ಐದು ರಾತ್ರಿಯೂ ಒಂದೇ ಮನೆಯಲ್ಲಿ ಇರೋಣ. ನೆಲಮಹಡಿಯಲ್ಲಿ ಹಿರಿಯರ ಕೊಠಡಿಗಳು, ಮೆಟ್ಟಿಲು ಹತ್ತುವ ಕೆಲಸವಿರಬಾರದು, ಊಟದ ಮನೆಗೆ ದೊಡ್ಡ ಕಿಟಕಿಯಿರಬೇಕು. ದೇವದಾರು ಕಾಡಿನ ನಡುವೆ 1553ರಲ್ಲಿ ಕಟ್ಟಿದ ಮರದ ಹಿಡಿಂಬಾ ಗುಡಿಗೆ ಒಂದು ಬೆಳಿಗ್ಗೆ, ವಶಿಷ್ಠದ ಬಿಸಿನೀರಿನ ಬುಗ್ಗೆಗೆ ಇನ್ನೊಂದು ಬೆಳಿಗ್ಗೆ. ರಸ್ತೆ ತೆರೆದಿದ್ದರೆ ಮಾತ್ರ ಸೋಲಂಗ್‌ಗೆ ಹೋಗಿ ಎರಡು ಗಂಟೆಯೊಳಗೆ ಇಳಿದುಬಿಡುವುದು. ಸುರಂಗದ ಆಚೆ ಹೋಗುವುದು ಬೇಡ. ಅಕಸ್ಮಾತ್ ಆ ಐದು ದಿನವೂ ಹಿಮ ಬೀಳದಿದ್ದರೆ, ಸೋಲಂಗ್‌ನ ನೆರಳಿನಲ್ಲಿ ಉಳಿದಿರುವ ಹಳೆಯ ಹಿಮವನ್ನಾದರೂ ಮುಟ್ಟಿಸಿಕೊಂಡು ಬರೋಣ.

ಗದಗಿನ ಸುಬೇದಾರ್, 7.52
ಆಚೆ ಹೋಗದಿರಲು ಇನ್ನೊಂದು ಕಾರಣವಿದೆ. ಆ ಸಮಯದಲ್ಲಿ ಲಾಹೌಲಿನ ಹಳ್ಳಿಗಳಲ್ಲಿ ಹಾಲ್ಡಾ ಹಬ್ಬದ ಆಚರಣೆಗಳು ಇರುತ್ತವೆ. ತಮ್ಮ ದೇವರ ಕಾರ್ಯಗಳ ನಡುವೆ ಗದ್ದಲ ಬೇಡವೆಂದು ಸಿಸ್ಸು ಕಡೆಯವರು ಇತ್ತೀಚಿನ ವರ್ಷಗಳಲ್ಲಿ ಪ್ರವಾಸಿಗರನ್ನು ಬರಬೇಡಿ ಎಂದು ಕೇಳಿಕೊಂಡಿದ್ದಾರೆ. ಅವರ ಮಾತಿಗೆ ನಾವು ಬೆಲೆ ಕೊಡಬೇಕು.

ಶಿರಸಿಯ ಗೆಳತಿ, 8.15
ನಿಮ್ಮೆಲ್ಲರ ಮಾತು ಸರಿಯಾಗಿದೆ, ಆದರೆ ಜನವರಿ ಎಂದರೆ ನನ್ನ ಮಗಳಿಗೆ ದ್ವಿತೀಯ ಪಿಯುಸಿಯ ಪೂರ್ವಸಿದ್ಧತಾ ಪರೀಕ್ಷೆಯ ಕಾಲ. ಹಿರಿಯರಿಗಾಗಿ ದಿನ ಬದಲಿಸಿದರೆ ಮಕ್ಕಳು ಹೊರಗುಳಿಯುತ್ತಾರೆ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲವಲ್ಲ ಎಂದು ಬೇಸರವಾಯಿತು.

ನಾನು, 8.31
ಅದು ನನ್ನಿಂದ ಆದ ತಪ್ಪು, ಒಪ್ಪುತ್ತೇನೆ. ಪರೀಕ್ಷೆ ಇರುವ ಮನೆಗಳು ಗುಂಪಿನಲ್ಲಿ ಮೂರಿವೆ. ಇದಕ್ಕೆ ಎಲ್ಲರಿಗೂ ಹೊಂದುವ ಉತ್ತರ ನನ್ನ ಬಳಿ ಇಲ್ಲ. ಆದರೂ ನನ್ನ ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆ: ಹದಿನೇಳು ವರ್ಷದ ಮಗಳು ಮುಂದೆ ತನ್ನ ಗೆಳತಿಯರೊಡನೆ ಹತ್ತು ಸಲ ಹಿಮ ನೋಡಬಲ್ಲಳು. ಎಪ್ಪತ್ತೆಂಟರ ನಿನ್ನ ಅತ್ತೆಗೆ ಮಂಡಿ ನೋವು ಈ ವರ್ಷ ನಡೆಯಲು ಬಿಟ್ಟಿದೆ, ಮುಂದಿನ ವರ್ಷ ಬಿಡುತ್ತದೋ ಇಲ್ಲವೋ. ನಿನ್ನ ಯಜಮಾನರು ಮಗಳ ಜೊತೆ ಮನೆಯಲ್ಲಿದ್ದು, ನೀನು ಅತ್ತೆಯನ್ನು ಕರೆತರಲು ಆಗುವುದಾದರೆ, ಅವರ ಕೈ ಹಿಡಿದು ನಡೆಸಲು ನಾನಿರುತ್ತೇನೆ.

ಶಿರಸಿಯ ಗೆಳತಿ, 9.10
ಮನೆಯಲ್ಲಿ ಕೇಳಿದೆ. ಅಜ್ಜಿ ಹೋಗಿ ಬರಲಿ, ತನಗೆ ವಿಡಿಯೊ ಕರೆ ಮಾಡಿದರೆ ಸಾಕು ಎಂದು ಮಗಳೇ ಹೇಳಿದಳು. ಬೇಸರ ಪೂರ್ತಿ ಹೋಗಿಲ್ಲ, ಆದರೆ ನಾವಿಬ್ಬರೂ ಬರುತ್ತೇವೆ.

ಬ್ಯಾಂಕಿನ ಗೆಳೆಯ, 9.34
ಆ ಜಾಹೀರಾತನ್ನು ಗುಂಪಿನಿಂದ ಅಳಿಸಿದ್ದೇನೆ. ರೋಹ್ತಾಂಗ್ ವಿಷಯದಲ್ಲಿ ಸುಬೇದಾರ್ ಹೇಳಿದ್ದನ್ನು ಜಾಹೀರಾತು ಕೊಟ್ಟವರಿಗೆ ಫೋನ್ ಮಾಡಿ ಕೇಳಿದಾಗ, ಅದು ಹವಾಮಾನಕ್ಕೆ ಒಳಪಟ್ಟದ್ದು ಎಂಬ ಉತ್ತರ ಬಂತು. ಹಾಳೆಯಲ್ಲಿ ಎಲ್ಲಿಯೂ ಹಾಗೆ ಬರೆದಿರಲಿಲ್ಲ. ಜನವರಿಗೆ ಇಪ್ಪತ್ತಾರು ಜನ ಖಚಿತವಾಗಿದ್ದಾರೆ. ಯಶವಂತಪುರದಿಂದ ಚಂಡೀಗಢಕ್ಕೆ ಹೋಗುವ ಸಂಪರ್ಕ ಕ್ರಾಂತಿ ರೈಲಿಗೆ ಅರವತ್ತು ದಿನ ಮುಂಚೆ ಟಿಕೆಟ್ ತೆರೆಯುತ್ತಾರೆ, ಅಂದರೆ ನವೆಂಬರ್ ಮಧ್ಯದಲ್ಲಿ ಬೆಳಿಗ್ಗೆ ಎಂಟಕ್ಕೆ ನಾವು ಮೂವರು ಮೂರು ಕಡೆ ಕೂತು ಮಾಡಬೇಕು. ವಿಮಾನ ಬೇಕೆನ್ನುವ ಮನೆಯವರು ಇಂದೇ ತಿಳಿಸಿ. ಮೇಷ್ಟ್ರೇ, ನಿಮಗೆ ಕೆಳಗಿನ ಬರ್ತ್ ಸಿಗುವಂತೆ ನೋಡಿಕೊಳ್ಳುವುದು ನನ್ನ ಹೊಣೆ.

ಗದಗಿನ ಸುಬೇದಾರ್, 9.50
ಮನಾಲಿಯಿಂದ ಸೋಲಂಗ್‌ಗೆ ಹೋಗುವ ದಾರಿಯುದ್ದಕ್ಕೂ ಹಿಮದ ಕೋಟು, ಗಂಬೂಟು ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಕೋಟು ಅಲ್ಲಿಯೇ ಸಾಕು. ಆದರೆ ಹಿರಿಯರ ಕಾಲಿಗೆ ಬಾಡಿಗೆ ಬೂಟು ಬೇಡ, ಹಿಂದಿನವರ ಬೆವರಿಗೆ ಒಳಗೆ ಒದ್ದೆಯಾಗಿರುತ್ತದೆ, ಅಳತೆಯೂ ಕೂರುವುದಿಲ್ಲ, ಜಾರುವುದು ಅದರಿಂದಲೇ. ಅಡಿಯಲ್ಲಿ ಆಳವಾದ ಗೀರುಗಳಿರುವ ಬೂಟುಗಳನ್ನು ನಾನು ಒಟ್ಟಿಗೆ ತರಿಸುತ್ತೇನೆ. ದಪ್ಪ ಉಣ್ಣೆಯ ಕಾಲುಚೀಲ ಹಾಕಿ, ಸಂಜೆ ಹೊತ್ತಿನಲ್ಲಿ, ನೆಲದ ಮೇಲೆ ಕಾಗದ ಇಟ್ಟು ನಿಲ್ಲಿಸಿ, ಹಿಮ್ಮಡಿಯಿಂದ ಹೆಬ್ಬೆರಳ ತುದಿಯವರೆಗೆ ಅಳೆದು ಕಳಿಸಿ.

ನಾನು, ಸಂಜೆ 6.45
ಅಮ್ಮ: 23 ಸೆಂಟಿಮೀಟರ್. ಎಡಗಾಲು ಸ್ವಲ್ಪ ಊದಿಕೊಳ್ಳುತ್ತದೆ, ಅಗಲದ ಬೂಟು ನೋಡಿ.

ಶಿರಸಿಯ ಗೆಳತಿ, 6.58
ಅತ್ತೆ: 22. ಜೀವಮಾನದಲ್ಲಿ ಬೂಟು ಹಾಕಿದವರಲ್ಲ, ಆದ್ದರಿಂದ ಒಂದು ವಾರ ಮುಂಚೆ ಕಳಿಸಿದರೆ ಅಂಗಳದಲ್ಲಿ ನಡೆದು ರೂಢಿ ಮಾಡಿಕೊಳ್ಳುತ್ತಾರಂತೆ.

ಮೇಷ್ಟ್ರು, 7.12
26.

ದಾವಣಗೆರೆಯ ಡಾಕ್ಟರ್, ರಾತ್ರಿ 9.30
ತಂದೆಯವರು: 25.5. ಇಂದು ಮಧ್ಯಾಹ್ನ ಅವರ ಹೃದಯತಜ್ಞರನ್ನು ಕಂಡು ಬಂದೆವು.