ನಮ್ಮ ಘಟ್ಟದ ಅಟ್ಲಾಸ್ ಪತಂಗವನ್ನು ಯಾವ ಪ್ರಭೇದವೆಂದು ಗುರುತಿಸಬೇಕು?

ಪ್ರಶ್ನೆ: ಸುಳ್ಯದ ತೋಟಿಗ

ಮಳೆಗಾಲದಲ್ಲಿ ನಮ್ಮ ಅಡಿಕೆ ತೋಟದ ಪಂಪ್‌ಶೆಡ್ಡಿನ ಗೋಡೆಯ ಮೇಲೆ ಅಂಗೈಗಿಂತ ಅಗಲವಾದ, ಇಟ್ಟಿಗೆ ಬಣ್ಣದ ಪತಂಗವೊಂದು ಕುಳಿತಿತ್ತು. ನಾಲ್ಕು ರೆಕ್ಕೆಗಳಲ್ಲಿಯೂ ಒಂದೊಂದು ಪಾರದರ್ಶಕ ತ್ರಿಕೋನವಿತ್ತು. ಮುಂದಿನ ರೆಕ್ಕೆಯ ತುದಿಯು ಹಾವಿನ ತಲೆಯನ್ನು ಹೋಲುತ್ತಿತ್ತು. ಪತ್ರಿಕೆಗಳಲ್ಲಿ ಇದನ್ನು ಅಟಾಕಸ್ ಅಟ್ಲಾಸ್ ಎಂದು ಬರೆಯುತ್ತಾರೆ, ಕೆಲವು ಪಟ್ಟಿಗಳಲ್ಲಿ ಅಟಾಕಸ್ ಟ್ಯಾಪ್ರೊಬಾನಿಸ್ ಎಂದಿದೆ. ಯಾವುದು ಸರಿ?

ಉತ್ತರ: ಪತಂಗಪ್ರಿಯ

ತಾವು ಕಂಡದ್ದನ್ನು ಟ್ಯಾಪ್ರೊಬಾನಿಸ್ ಎಂದು ದಾಖಲಿಸುವುದೇ ಸೂಕ್ತ. ಸ್ವೀಡನ್ನಿನ ಜೀವವಿಜ್ಞಾನಿ ಲಿನ್ನೇಯಸ್ 1758ರಲ್ಲಿ ಅಟ್ಲಾಸ್ ಪತಂಗವನ್ನು ವಿವರಿಸಿದಾಗ, ಅಂದಿನ ರೂಢಿಯಂತೆ ಬಹುತೇಕ ಎಲ್ಲ ಪತಂಗಗಳನ್ನೂ ತುಂಬಿದ್ದ ಫಲೇನಾ ಎಂಬ ಒಂದೇ ಕುಲದಲ್ಲಿ (ಹತ್ತಿರದ ಪ್ರಭೇದಗಳ ಗುಂಪಿನಲ್ಲಿ) ಅದನ್ನು ಇರಿಸಿದ್ದರು. ಶ್ರೀಲಂಕಾದ ಪತಂಗಕ್ಕೆ ಟ್ಯಾಪ್ರೊಬಾನಿಸ್ ಎಂಬ ಹೆಸರನ್ನು 1880ರ ದಶಕದಲ್ಲಿ ಕೀಟತಜ್ಞ ಫ್ರೆಡರಿಕ್ ಮೂರ್ ಕೊಟ್ಟರು. ಮುಂದೆ ಬಹುಕಾಲ ಅದನ್ನು ಅಟ್ಲಾಸ್‌ನ ಉಪಪ್ರಭೇದವೆಂದೇ ಹಲವರು ಎಣಿಸುತ್ತಿದ್ದರು. ಪತಂಗತಜ್ಞ ರಿಚರ್ಡ್ ಪೀಗ್ಲರ್ 1989ರಲ್ಲಿ ಇಡೀ ಅಟಾಕಸ್ ಕುಲದ ವರ್ಗೀಕರಣವನ್ನು ಪರಿಷ್ಕರಿಸಿ, ಶ್ರೀಲಂಕಾ ಮತ್ತು ದಕ್ಷಿಣ ಭಾರತದ ಪತಂಗಗಳನ್ನು ಪ್ರತ್ಯೇಕ ಪ್ರಭೇದವಾಗಿ ಪರಿಗಣಿಸಿದರು. ಅಟ್ಲಾಸ್ ಇರುವುದು ಹಿಮಾಲಯದ ತಪ್ಪಲು, ಈಶಾನ್ಯ ಭಾರತ ಹಾಗೂ ಅಲ್ಲಿಂದ ಪೂರ್ವಕ್ಕೆ ದಕ್ಷಿಣ ಚೀನಾ, ಮಲಯ, ಜಾವಾದವರೆಗೆ.

ಉತ್ತರ: ದ್ವೀಪಯಾನಿ

ಈ ಕುಲದ ಸೊಗಸು ದ್ವೀಪಗಳಲ್ಲಿದೆ. ಅಟ್ಲಾಸ್ ಒಂದೇ ವಿಶಾಲವಾದ ನೆಲದಲ್ಲಿ ಹಬ್ಬಿದ್ದರೆ, ಉಳಿದ ಹೆಚ್ಚಿನ ಪ್ರಭೇದಗಳು ಸಮುದ್ರದ ನಡುವೆ ಸಿಕ್ಕಿಕೊಂಡು ತಮ್ಮ ತಮ್ಮ ದಾರಿ ಹಿಡಿದಿವೆ: ಅಂಡಮಾನಿನಲ್ಲಿ ಮೆಕ್‌ಮುಲ್ಲೆನಿ, ಫಿಲಿಪ್ಪೀನ್ಸಿನಲ್ಲಿ ಸೀಸರ್ ಮತ್ತು ಲೋರ್ಕ್ವಿನಿ, ಸುಲಾವೆಸಿಯಲ್ಲಿ ಎರೆಬಸ್, ಮೊಲುಕ್ಕಾದಲ್ಲಿ ಕ್ರಾಮೆರಿ, ಟಿಮೋರಿನಲ್ಲಿ ಡೊಹರ್ಟಿ, ಉತ್ತರ ಆಸ್ಟ್ರೇಲಿಯಾದಲ್ಲಿ ವಾರ್ಡಿ. ಇದರಲ್ಲಿ ಅಚ್ಚರಿಯೇನಿಲ್ಲ. ಬಾಯಿಯ ಭಾಗಗಳು ಕ್ಷೀಣಿಸಿರುವ ಕಾರಣ ಪ್ರೌಢ ಪತಂಗವು ಆಹಾರವನ್ನೇ ಸೇವಿಸುವುದಿಲ್ಲ. ಹುಳುವಾಗಿದ್ದಾಗ ಕೂಡಿಸಿಟ್ಟ ಕೊಬ್ಬಿನಲ್ಲಿಯೇ ಕೆಲವು ದಿನ ಬದುಕಿ, ಜೋಡಿಯಾಗಿ, ಮೊಟ್ಟೆಯಿಟ್ಟು ಸಾಯುತ್ತದೆ. ಅಷ್ಟು ಅಲ್ಪ ಆಯುಷ್ಯದಲ್ಲಿ, ಮೊಟ್ಟೆಗಳ ಭಾರ ಹೊತ್ತ ಹೆಣ್ಣು ವಿಶಾಲ ಸಮುದ್ರವನ್ನು ದಾಟುವುದು ತೀರ ಅಪರೂಪವೇ ಇರಬೇಕು.

ಮರುಪ್ರಶ್ನೆ: ಸುಳ್ಯದ ತೋಟಿಗ

ಹಾಗಾದರೆ ಸಿಕ್ಕಿಂನಲ್ಲಿ ತೆಗೆದ ಚಿತ್ರಗಳಲ್ಲಿ ಕಾಣುವ ಕಡುಗಂದು ಪತಂಗವೂ ಇದೇ ಕುಲದ್ದೇ?

ಉತ್ತರ: ಪತಂಗಪ್ರಿಯ

ಅಲ್ಲ. ಅದು ಎಡ್ವರ್ಡ್ಸಿ ಎಂಬ ಪ್ರಭೇದ ಇರಬೇಕು. ಮೊದಲು ಅದೂ ಅಟಾಕಸ್‌ನಲ್ಲಿಯೇ ಇತ್ತು. 1914ರಲ್ಲಿ ಕೀಟತಜ್ಞ ವಾಟ್ಸನ್ ಆರ್ಕಿಯೋಅಟಾಕಸ್ ಎಂಬ ಬೇರೆ ಕುಲವನ್ನು ರಚಿಸಿ ಅಲ್ಲಿಗೆ ಸೇರಿಸಿದರು. ಅದರ ರೆಕ್ಕೆ ಚಾಕೊಲೇಟ್ ಬಣ್ಣದ್ದು, ಹೊಟ್ಟೆ ಬಿಳಿ. ಅಸ್ಸಾಮಿನ ಎರಿ ರೇಷ್ಮೆಹುಳುವನ್ನೂ ಒಂದು ಕಾಲಕ್ಕೆ ಅಟಾಕಸ್ ಎಂದೇ ಕರೆಯುತ್ತಿದ್ದು, ಈಗ ಅದು ಸಾಮಿಯಾ ಕುಲದಲ್ಲಿದೆ. ಇವೆಲ್ಲವೂ ಸಾಟರ್ನಿಡೇ ಕುಟುಂಬದವು. ರಾಮನಗರದ ಮಾರುಕಟ್ಟೆಗೆ ಬರುವ ಹಿಪ್ಪುನೇರಳೆ ರೇಷ್ಮೆಯ ಹುಳು ಮಾತ್ರ ಬಾಂಬಿಸಿಡೇ ಎಂಬ ಬೇರೊಂದು ಕುಟುಂಬದ್ದು.

ಒಂದು ಮಾತು: ಮುಂದೆ ಚಿತ್ರ ಹಾಕುವಾಗ ಊರಿನ ಹೆಸರನ್ನು ತಪ್ಪದೆ ಬರೆಯಿರಿ. ಅಟ್ಲಾಸ್ ಮತ್ತು ಟ್ಯಾಪ್ರೊಬಾನಿಸ್‌ಗಳು ನೋಟಕ್ಕೆ ಬಹಳ ಹತ್ತಿರವಿದ್ದು, ಬಣ್ಣ ಮಾಸಿದ ಅಥವಾ ರೆಕ್ಕೆ ಹರಿದ ಪತಂಗದ ಚಿತ್ರವೊಂದನ್ನೇ ನೋಡಿ ನಿರ್ಧರಿಸುವುದಕ್ಕಿಂತ ಅದು ಸಿಕ್ಕಿದ ಸ್ಥಳವನ್ನು ನಂಬುವುದು ಮೇಲು. ಆಂಟೆನಾ ಸ್ಪಷ್ಟವಾಗಿ ಕಾಣುವ ಚಿತ್ರವಿದ್ದರೆ ಅದನ್ನೂ ಹಾಕಿ: ಗಂಡಿನದು ಗರಿಯಂತೆ ಅಗಲವಾಗಿರುತ್ತದೆ, ಹೆಣ್ಣಿನದು ಕಿರಿದು.