ಮಷಿನ್ ಜೋರಾಗಿದ್ದೇ ತಪ್ಪಾ?

ಗಂಗಾವತಿ_ಗಿರಣಿ: 1999ರ ಸುಗ್ಗಿ. ನಮ್ಮ ಅಕ್ಕಿ ಗಿರಣಿಯ ತೂಕದ ಬಿಲ್ ಪ್ರೋಗ್ರಾಂ ಹಳೇ 486 ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಅದಕ್ಕಿಂತ ಜೋರಾದ ಪೆಂಟಿಯಂ 2 ತಂದ ದಿನವೇ ಭತ್ತದ ಲಾರಿ ಕಾಟಾ ಮೇಲೆ ನಿಂತಿದೆ, ಪರದೆ ಮೇಲೆ ‘ರನ್‌ಟೈಮ್ ಎರರ್ 200’. ಹಳೇ ಡಬ್ಬ ವಾಪಸ್ ಇಟ್ಟೆವು, ಬಿಲ್ ಬಂತು. ತಪ್ಪು ಮಷಿನ್ನಿನದೇ.

ರಾಯಚೂರು_ಬಿಸಿಲು: ಮಷಿನ್ ಏನು ಮಾಡೀತು? ತಪ್ಪು ಆ ಪ್ರೋಗ್ರಾಂ ಬರೆದ ಭಾಷೆ ಟರ್ಬೊ ಪ್ಯಾಸ್ಕಲ್ಲಿನದು. ಅದರ ಸಿಆರ್‌ಟಿ ಯೂನಿಟ್, ಅಂದರೆ ಪರದೆ ಮತ್ತು ಕಾಯುವ ಕೆಲಸ ನೋಡುವ ಸಿದ್ಧ ಕೋಡ್, ಮಷಿನ್ ವೇಗ ಅಳೆಯಲು ಶುರುವಿನಲ್ಲೇ 55 ಮಿಲಿಸೆಕೆಂಡಿಗೆ ಎಷ್ಟು ಖಾಲಿ ಸುತ್ತು ಆಗುತ್ತದೆ ಅಂತ ಎಣಿಸಿ, 55ರಿಂದ ಭಾಗಿಸುತ್ತದೆ. 200 ಅಂದರೆ ಸೊನ್ನೆಯಿಂದ ಭಾಗಾಕಾರ.

ಬಳ್ಳಾರಿ_ರಿಪೇರಿ: ‘ಸೊನ್ನೆಯಿಂದ’ ಅಂತೆ! 55ರಿಂದ ಭಾಗಿಸಿದರೆ ಸೊನ್ನೆ ಎಲ್ಲಿಂದ ಬಂತು? ಮಷಿನ್ ವೇಗ 200 ಮೆಗಾಹರ್ಟ್ಸ್ ದಾಟಿದರೆ ಬರುತ್ತೆ, ಅದಕ್ಕೇ 200. ಅಂಗಡಿಯಲ್ಲಿ ಕಣ್ಣಾರೆ ನೋಡಿದ್ದೇನೆ.

ರಾಯಚೂರು_ಬಿಸಿಲು: ‘ಅದಕ್ಕೇ 200’ ಅಂತೆ. ಅದು ಬರೀ ಎರರ್ ನಂಬರ್: 201 ಅಂದರೆ ರೇಂಜ್ ಚೆಕ್ (ಲೆಕ್ಕ ಮಿತಿ ದಾಟಿದ್ದು), 202 ಅಂದರೆ ಸ್ಟ್ಯಾಕ್ (ತಾತ್ಕಾಲಿಕ ಮೆಮೊರಿ) ತುಂಬಿದ್ದು. 202 ಮೆಗಾಹರ್ಟ್ಸ್ ಪ್ರೊಸೆಸರ್ ಎಷ್ಟು ಮಾರಿದಿರಿ ಸಾಹೇಬ್ರೆ?

ಬಳ್ಳಾರಿ_ರಿಪೇರಿ: ಅಂಗಡಿ ಸುದ್ದಿ ಎತ್ತಬೇಡಿ. ಸೊನ್ನೆ ಎಲ್ಲಿ, ಅದನ್ನ ತೋರಿಸಿ.

ಕುಷ್ಟಗಿ_ಕೋಡ್: ಸೊನ್ನೆ ಇಲ್ಲ. ಭಾಗಿಸಿ ಬಂದ ಲೆಕ್ಕ 16 ಬಿಟ್‌ನಲ್ಲಿ, ಅಂದರೆ 65,535ರೊಳಗೆ ಹಿಡಿಯಬೇಕು. ಜೋರಾದ ಮಷಿನ್ನಿನಲ್ಲಿ ಸುತ್ತು 36 ಲಕ್ಷ ದಾಟಿದರೆ ಹಿಡಿಯಲ್ಲ, ಎಪ್ಪತ್ತೈದು ಕೇಜಿ ಚೀಲಕ್ಕೆ ಕ್ವಿಂಟಲ್ ತುರುಕಿದ ಹಾಗೆ. ಇಂಟೆಲ್ ಚಿಪ್ ಇದಕ್ಕೂ ಸೊನ್ನೆ ಭಾಗಾಕಾರಕ್ಕೂ ಒಂದೇ ಇಂಟರಪ್ಟ್ (ಕೆಲಸ ನಿಲ್ಲಿಸುವ ಸೂಚನೆ) ಎತ್ತುತ್ತದೆ. ಪ್ಯಾಸ್ಕಲ್ ಅದನ್ನೇ 200 ಅನ್ನುತ್ತದೆ.

ಬಳ್ಳಾರಿ_ರಿಪೇರಿ: ‘ಸೊನ್ನೆ ಇಲ್ಲ.’ ನಾನು ಹೇಳಿದ್ದೂ ಅದೇ ಅಲ್ವಾ!

ರಾಯಚೂರು_ಬಿಸಿಲು: ನೀವು ಹೇಳಿದ್ದು ಮೆಗಾಹರ್ಟ್ಸ್. ಮೇಲೆ ಇದೆ, ಸುಮ್ನೆ ಅಳಿಸಬೇಡಿ.

ಬಳ್ಳಾರಿ_ರಿಪೇರಿ: ಯಾರು ಅಳಿಸಿದ್ದು? ಬಿಸಿಲು ಅಂತ ಹೆಸರಿಟ್ಟುಕೊಂಡು ಎಲ್ಲರ ತಲೆ ಕಾಯಿಸುತ್ತೀರಿ!!

ಗಂಗಾವತಿ_ಗಿರಣಿ: ‘ಇಂಟೆಲ್ ಚಿಪ್’ ಅಂದರಲ್ಲ, ಅಲ್ಲಿಗೆ ಮಷಿನ್ನಿನ ತಪ್ಪು ಅಂತಾಯಿತು.

ಕುಷ್ಟಗಿ_ಕೋಡ್: ವಿಂಡೋಸ್ 95 ಎಎಮ್‌ಡಿ ಕಂಪನಿಯ ಕೆ6-2 ಚಿಪ್ಪಿನಲ್ಲಿ, 350 ಮೆಗಾಹರ್ಟ್ಸ್ ಮತ್ತು ಮೇಲಿನವುಗಳಲ್ಲಿ, ಬೂಟ್ ಆಗುವಾಗಲೇ ಕೈಕೊಡುತ್ತಿತ್ತು. ಅಲ್ಲೂ ಸುತ್ತು ಎಣಿಸಿ ಕಾಯುವ ಕೋಡೇ. ಸರಿ ಮಾಡಿದ್ದು ವಿಂಡೋಸ್ ಅನ್ನು, ಚಿಪ್ ಅನ್ನಲ್ಲ.

ಗಂಗಾವತಿ_ಗಿರಣಿ: ನಮ್ಮ ಲಾರಿ ಕದಲಿದ್ದು 486 ತಂದ ಮೇಲೆ.

ಬಳ್ಳಾರಿ_ರಿಪೇರಿ: ಅದಿರಲಿ. 200 ಮೆಗಾಹರ್ಟ್ಸ್ ಆಸುಪಾಸಿನಲ್ಲೇ ಯಾಕೆ ಬೀಳುತ್ತೆ, ಯಾರೂ ಹೇಳಲಿಲ್ಲ.

ರಾಯಚೂರು_ಬಿಸಿಲು: ಕಾಕತಾಳೀಯ.

ಬಳ್ಳಾರಿ_ರಿಪೇರಿ: ಹ್ಞಾಂ, ಉತ್ತರ ಇಲ್ಲದಿದ್ದರೆ ಕಾಕತಾಳೀಯ.