'ಆಕ್ಟಿವ್ ಇಂಗ್ರೀಡಿಯೆಂಟ್' ಅಂದರೆ ಸಕ್ರಿಯ ಘಟಕವೇ, ಸತ್ವವೇ?

ಎಲ್ಲರಿಗೂ ನಮಸ್ಕಾರ.

ಚರ್ಮ ದಪ್ಪಗಾಗಿ ಹೊಟ್ಟೇಳುವ ಸೋರಿಯಾಸಿಸ್ ಕಾಯಿಲೆಯ ಮದ್ದುಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. 'ಆಕ್ಟಿವ್ ಇಂಗ್ರೀಡಿಯೆಂಟ್', ಅಂದರೆ ಮದ್ದಿನಲ್ಲಿ ನಿಜವಾಗಿ ಕೆಲಸ ಮಾಡುವ ಅಂಶ, ಈ ಪದದ ಹತ್ತಿರ ಬಂದು ಎರಡು ದಿನದಿಂದ ನಿಂತಿದ್ದೇನೆ. ಸಾಮಾನ್ಯವಾಗಿ ಕಾಣುವುದು 'ಸಕ್ರಿಯ ಘಟಕ'. ನನಗೋ ಅದು ಯಾವುದೋ ಪಕ್ಷದ ತಾಲೂಕು ಘಟಕ ಚುರುಕಾದ ಹಾಗೆ ಕೇಳಿಸುತ್ತದೆ.

ಎದುರಿಗೊಂದು ಟ್ಯೂಬ್ ಇದೆ. ಕ್ಯಾಲ್ಸಿಪೊಟ್ರಿಯಾಲ್ ಮುಲಾಮು, 30 ಗ್ರಾಂ, 0.005%. ಲೆಕ್ಕ ಹಾಕಿದರೆ ಇಡೀ ಟ್ಯೂಬಿನಲ್ಲಿ ಮದ್ದು ಅಂತ ಇರುವುದು ಒಂದೂವರೆ ಮಿಲಿಗ್ರಾಂ! ಮಿಕ್ಕಿದ್ದೆಲ್ಲ ಹೆಚ್ಚುಕಮ್ಮಿ ಜಿಡ್ಡು. ಚರ್ಮದ ಕೋಶಗಳು ವಿಪರೀತ ಬೇಗ ಬೆಳೆಯುವುದನ್ನು ತಡೆಯುವುದು ಆ ಒಂದೂವರೆ ಮಿಲಿಗ್ರಾಂ. ಹಾಗಂತ ಜಿಡ್ಡೂ ಸುಮ್ನೆ ಕೂತಿರುವುದಿಲ್ಲ. ಒಣ ಹೊಟ್ಟನ್ನು ಮೆತ್ತಗೆ ಮಾಡುತ್ತದೆ. ಅದನ್ನು 'ನಿಷ್ಕ್ರಿಯ' ಅನ್ನುವುದು ಅನ್ಯಾಯ ಅಲ್ವಾ?

'ಸತ್ವ' ಅನ್ನೋಣವೇ? ಬೆಪ್ಪಾಲೆ ಎಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಬಿಸಿಲಿಗಿಡುತ್ತಾರೆ. ಚನ್ನಪಟ್ಟಣದ ಗೊಂಬೆ ಮಾಡುವ ಆಲೆಮರ ಅಂದರೆ ಇದೇ. ಬಿಸಿಲು ಕುಡಿದ ಎಣ್ಣೆ ನೇರಳೆಗೆ ತಿರುಗುತ್ತದೆ. ತಮಿಳುನಾಡಿನ ಸಿದ್ಧ ವೈದ್ಯದಲ್ಲಿ ಸೋರಿಯಾಸಿಸ್‌ಗೆ ಹಚ್ಚುವ ಎಣ್ಣೆ ಇದು. ಇಲ್ಲಿ "ಎಲೆಯ ಸತ್ವ ಇಳಿದಿದೆ" ಅಂದರೆ ಎಷ್ಟು ಚೆನ್ನಾಗಿ ಕೂರುತ್ತದೆ! ಆದರೆ ಸತ್ವ ಅಂದಾಗ ಇಳಿದದ್ದೆಲ್ಲ ಅದರಲ್ಲಿ ಬಂತು. ಅಷ್ಟರಲ್ಲಿ ಕೆಲಸ ಮಾಡುವ ಒಂದೇ ಒಂದನ್ನು ಹೆಕ್ಕಬೇಕಾದವನಿಗೆ ಈ ಪದ ಸಾಲದು.

ಇನ್ನೂ ಒಂದು ತೊಡಕಿದೆ. ಜರ್ಮನಿಯ ರಸಾಯನ ವಿಜ್ಞಾನಿ ಶ್ವೆಕೆಂಡೀಕ್ ಅವರಿಗೇ ಸೋರಿಯಾಸಿಸ್ ಇತ್ತು. ಫ್ಯುಮರಿಕ್ ಆಮ್ಲವನ್ನು ತಮ್ಮ ಮೇಲೇ ಪ್ರಯೋಗಿಸಿ 1959ರಲ್ಲಿ ಬರೆದರು. ಆ ದಾರಿಯಲ್ಲಿ ಬಂದದ್ದು ಡೈಮೀಥೈಲ್ ಫ್ಯುಮರೇಟ್ ಮಾತ್ರೆ. ನುಂಗಿದ ಮೇಲೆ ಅದು ಮೈಯೊಳಗೆ ಮಾನೊಮೀಥೈಲ್ ಫ್ಯುಮರೇಟ್ ಆಗಿಬಿಡುತ್ತದೆ. ಕೆಲಸ ಮಾಡುವುದು ಇದು ಅಂತಲೇ ಲೆಕ್ಕ. ಅಂದರೆ ಡಬ್ಬಿಯ ಮೇಲಿನ ಹೆಸರು ಒಂದು, ಒಳಗೆ ದುಡಿಯುವುದು ಇನ್ನೊಂದು. ಇಂಗ್ಲಿಷಿನ ಪದವೇ ಇಲ್ಲಿ ಮುಗ್ಗರಿಸುತ್ತದೆ.

ಹಾಗಾಗಿ ನನಗೆ ಎರಡು ಪದ ಬೇಕು. ಡಬ್ಬಿಯ ಮೇಲಿನದಕ್ಕೆ ಸದ್ಯ 'ಮದ್ದಂಶ' ಅಂತ ಬರೆದುಕೊಂಡಿದ್ದೇನೆ. ಅರಿಸಮಾಸ ಅಂತ ಬೈಯುವವರು ಬೈಯಲಿ. ಒಳಗೆ ದುಡಿಯುವುದಕ್ಕೆ 'ಒಳಮದ್ದು' ಅಂದುಕೊಂಡಿದ್ದೆ. ಅಮ್ಮನಿಗೆ ಓದಿ ಹೇಳಿದರೆ, "ಯಾರಿಗೆ ಯಾರು ಮದ್ದು ಹಾಕಿದ್ರು?" ಅಂದರು. ಅಲ್ಲಿಗೆ ಅದನ್ನು ಕೈಬಿಟ್ಟೆ.

ಈ ಎರಡನೆಯದಕ್ಕೆ ನಿಮ್ಮ ಕಡೆ ಏನಾದರೂ ಪದ ಇದೆಯಾ?